ಕಾಲು ತೊಳೆಯದ ಬಂಡಿ

ವರ್ಷಕ್ಕೊಂದು ಸಲ ನನ್ನ ಗಂಡನಿಗೆ ಅಡುಗೆಮನೆಯ ಡ್ರಾಯರ್ ಶುಚಿ ಮಾಡುವ ಹುಚ್ಚು ಹಿಡಿಯುತ್ತದೆ. ಉಳಿದ ದಿನಗಳಲ್ಲಿ ಚಮಚ ಎಲ್ಲಿದೆ ಎಂದು ನನ್ನನ್ನೇ ಕೂಗಿ ಕೇಳುವ ಮನುಷ್ಯ, ಆ ಒಂದು ಭಾನುವಾರ ಮಾತ್ರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದೊಂದೇ ಸಾಮಾನನ್ನು ಎತ್ತಿ ಹಿಡಿದು ವಿಚಾರಣೆ ಮಾಡುತ್ತಾನೆ. ಡಬ್ಬಿಯಿಲ್ಲದ ಮುಚ್ಚಳ, ಮೊಂಡಾದ ಚಾಕು, ಯಾವುದೋ ಮದುವೆಯಲ್ಲಿ ಕೊಟ್ಟ ಕುಂಕುಮದ ಬಟ್ಟಲು, ಎಲ್ಲದರ ಹಣೆಬರಹವೂ ತೀರ್ಮಾನವಾದ ಮೇಲೆ ಅವನ ಕೈಗೆ ಅದು ಸಿಕ್ಕಿತು.

“ಇದು ಮುರಿದ್ಹೋಗಿದೆ. ಬಿಸಾಕ್ಲಾ?”

ಒಗ್ಗರಣೆ ಸೀದರೆ ಸೀಯಲಿ ಎಂದು ಸೌಟು ಬಿಟ್ಟು ಹೋಗಿ ಕಿತ್ತುಕೊಂಡೆ. “ಮುರಿದಿಲ್ಲ. ನಾನೇ ಕುಯ್ದಿದ್ದು.”

“ಚೆನ್ನಾಗಿರೋ ಕೀನ ಯಾಕೆ ಕುಯ್ದೆ?”

ನೋಡಿ, ಇಂಥ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಹೇಳಲು ಹೊರಟರೆ ನನಗೆ ಸಿಟ್ಟು ಬರುತ್ತದೆ. ನನ್ನ ಹೆಸರು ಸಹನಾ. ಇಟ್ಟವರು ನನ್ನನ್ನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನೋಡಿದ್ದರೆ ಖಂಡಿತ ಬದಲಾಯಿಸುತ್ತಿದ್ದರು.

ಅದೊಂದು ಎಲ್ ಕೀ. ಆರು ಮೂಲೆಯ ಉಕ್ಕಿನ ಕಡ್ಡಿಯನ್ನು ಬಗ್ಗಿಸಿ ಮಾಡಿರುತ್ತಾರಲ್ಲ, ಸೈಕಲ್ ಅಂಗಡಿಯಲ್ಲೋ ಕುರ್ಚಿ ಜೋಡಿಸುವ ಡಬ್ಬದಲ್ಲೋ ನೀವು ನೋಡಿರುತ್ತೀರಿ. ನನ್ನದರಲ್ಲಿ ಗಿಡ್ಡ ತುದಿ ಅಕ್ಕಿಕಾಳಿನಷ್ಟೇ ಉಳಿದಿದೆ. ಲೋಕದ ಯಾವ ಸ್ಕ್ರೂಗೂ ಅದು ಬೇಕಾಗಿಲ್ಲ, ಒಂದನ್ನು ಬಿಟ್ಟು. ಆ ಒಂದು ಸ್ಕ್ರೂ ಸಾದಲಿಯಲ್ಲಿ ನಮ್ಮ ದೊಡ್ಡಮ್ಮನ ರೇಷ್ಮೆ ಹುಳುಮನೆಯಲ್ಲಿದೆ. ಅದನ್ನು ಅಲ್ಲಿ ಇಟ್ಟವಳು ನಾನೇ.

ಅದೇ ದಿನ ಮಧ್ಯಾಹ್ನ ದೊಡ್ಡಮ್ಮನ ಫೋನು ಬಂತು. ಕ್ಷೇಮ ಸಮಾಚಾರ ಏನಿಲ್ಲ, ನೇರ ವಿಷಯ.

“ಆ ಗಿಡ್ಡ ಕೀ ಇನ್ನೂ ಇದ್ಯೇನಮ್ಮ ನಿನ್ನತ್ರ?”

“ಇದೆ ದೊಡ್ಡಮ್ಮ. ಯಾಕೆ?”

“ಬರೋವಾಗ ತಗೊಂಡು ಬಾ. ಬಂದ್ಮೇಲೆ ಹೇಳ್ತೀನಿ.” ಅಷ್ಟು ಹೇಳಿ ಇಟ್ಟೇಬಿಟ್ಟಳು. ನಾನು ಬರುತ್ತೇನೆಂದು ಯಾವಾಗ ಹೇಳಿದ್ದೆನೋ ಅವಳಿಗೇ ಗೊತ್ತು.

ನಮ್ಮಪ್ಪನಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ. ಆ ಬೀದಿಯಲ್ಲಿ ಬೆಳೆದವರಿಗೆ ಗೂಡು ಬೇಯಿಸುವ ನೀರಿನ ವಾಸನೆ ಮೂಗಿಗೆ ತಾಗುವುದೇ ಇಲ್ಲ. ಹೊರಗಿನಿಂದ ಬಂದ ನೆಂಟರು ಕರ್ಚೀಪು ಹಿಡಿದಾಗಲೇ ಓ, ವಾಸನೆ ಇದೆ ಎಂದು ನೆನಪಾಗುವುದು. ಏಳೆಂಟು ವರ್ಷದವಳಿದ್ದಾಗ ನಾನು ಅಪ್ಪನ ಒಂದು ಉಪಕರಣವಾಗಿದ್ದೆ. ಯಂತ್ರದ ಹೊಟ್ಟೆಯೊಳಗೆ ನಟ್ಟು ಬಿದ್ದುಹೋದರೆ “ಪಾಪು, ನಿನ್ ಕೈ ಸಣ್ಣದು, ಹಾಕು ನೋಡಣ” ಎನ್ನುತ್ತಿದ್ದ. ನಾನು ಗ್ರೀಸಿನೊಳಗೆ ಮೊಣಕೈವರೆಗೂ ತೂರಿಸಿ, ತಡಕಾಡಿ, ನಟ್ಟು ಹಿಡಿದು ತರುತ್ತಿದ್ದೆ. ತಂದಿದ್ದಕ್ಕೆ ಒಂದು ಕಡ್ಲೆಮಿಠಾಯಿ. ಅಪ್ಪ ಆಗೆಲ್ಲ ಯಂತ್ರ ಮಾಡಿದವನನ್ನು ತೆಲುಗಿನಲ್ಲಿ ಬೈಯುತ್ತಿದ್ದ. ನಮ್ಮ ಕಡೆ ಪ್ರೀತಿ ಕನ್ನಡದಲ್ಲಾದರೂ ಬೈಗುಳ ತೆಲುಗಿನಲ್ಲೇ ಬರುತ್ತದೆ. ಬೈದ ಮೇಲೆ ತಪ್ಪದೆ ಒಂದು ಮಾತು ಸೇರಿಸುತ್ತಿದ್ದ: “ಮಾಡ್ದೋನು ಜೋಡ್ಸಿದಾನೆ, ಬಿಚ್ಚಿಲ್ಲ.”

ಈ ಮಾತನ್ನು ನಾನು ಸಾವಿರ ಸಲ ಕೇಳಿ ಬೆಳೆದೆ. ಕೇಳಿದ್ದು ಯಾವ ಕಿವಿಯಿಂದ ಹೋಯಿತೋ, ಚಿಕ್ಕಬಳ್ಳಾಪುರದ ಕಾಲೇಜಿಗೆ ಮೆಕ್ಯಾನಿಕಲ್ ಸೇರುವ ಹೊತ್ತಿಗೆ ಪೂರ್ತಿ ಖಾಲಿಯಾಗಿತ್ತು.

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕಲ್ಲ. ನಾವು ಮೂವರು. ಚಿಂತಾಮಣಿಯ ನವೀನ ಕೋಡ್ ಬರೆಯುವವನು. ನಮ್ಮ ಶಿಡ್ಲಘಟ್ಟದವಳೇ ಆದ ಅಫ್ರೀನ್ ವೈರು, ಸೆನ್ಸರು, ಬ್ಯಾಟರಿ ನೋಡಿಕೊಳ್ಳುವವಳು. ಕಬ್ಬಿಣ, ಚಕ್ರ, ಬೋಲ್ಟು ಎಲ್ಲ ನನ್ನ ತಲೆಗೆ. ತಾನಾಗಿಯೇ ಓಡಾಡುವ ರೋಬೋ ಮಾಡೋಣವೆಂದು ತೀರ್ಮಾನವಾಯಿತು. ಏನು ಕೆಲಸ ಮಾಡುವ ರೋಬೋ ಎಂದು ಯಾರಿಗೂ ಗೊತ್ತಿರಲಿಲ್ಲ. ಹೆಸರು ಮಾತ್ರ ಬೇಕೆಂದು ಮೂರು ವಾರ ಜಗಳವಾಡಿ ಕೊನೆಗೆ ‘ಮಿತ್ರ’ ಎಂದು ಇಟ್ಟೆವು. ನವೀನ ಅದಕ್ಕೊಂದು ಲೋಗೋ ಕೂಡ ಮಾಡಿದ. ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದೆಂದರೆ ಇದೇ ಇರಬೇಕು.

ಕೆಲಸ ಸಿಕ್ಕಿದ್ದು ಸಾದಲಿಯಲ್ಲಿ. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಅಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ನಾನು ಬೇಸಿಗೆ ರಜೆಯನ್ನೆಲ್ಲ ಕಳೆದಿದ್ದು ಅಲ್ಲೇ. ಆ ವರ್ಷ ಅವಳಿಗೆ ಮಂಡಿ ನೋವು ಶುರುವಾಗಿತ್ತು. ಹುಳು ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ಮೇಲೆ ಒಂದು ವಾರ ರಾಕ್ಷಸರ ಹಾಗೆ ತಿನ್ನುತ್ತದೆ. ದಿನಕ್ಕೆ ಮೂರು ಸಲ ಹೊರೆ ಹೊರೆ ಸೊಪ್ಪು ಕಡ್ಡಿಸಮೇತ ತಂದು ಸ್ಟ್ಯಾಂಡಿನ ಮೇಲೆ ಹರಡಬೇಕು. ದೊಡ್ಡಪ್ಪ ತೋಟದಲ್ಲಿ ಕಟಾವು ಮಾಡಿ ಬಾಗಿಲಿಗೆ ತಂದು ಹಾಕಿದರೆ ಅಲ್ಲಿಂದ ಒಳಗೆ ಹೊರುವವಳು ಅವಳೇ.

“ಸಾಕಾಯ್ತಮ್ಮ. ಈ ಬೆಳೆಗೆ ನಿಲ್ಲಿಸ್ಬಿಡ್ತೀನಿ” ಎಂದಳು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ. ಅವಳ ಮುಖ ನೋಡಿದರೆ ಯಾರೋ ಸತ್ತಂತಿತ್ತು. ಮೂವತ್ತು ವರ್ಷ ಹುಳುವಿನ ಜೊತೆ ಬದುಕಿದವಳು. ನನಗೆ ಸಂಕಟವಾಯಿತು. ಸಂಕಟವಾದಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ಆಗ ಗೊತ್ತಿರಲಿಲ್ಲ.

“ನಿಲ್ಲಿಸ್ಬೇಡ ದೊಡ್ಡಮ್ಮ. ಸೊಪ್ಪು ಹೊತ್ಕೊಂಡು ತಾನೇ ಓಡಾಡೋ ಬಂಡಿ ಮಾಡ್ಕೊಡ್ತೀನಿ.”

“ತಾನೇ?”

“ತಾನೇ.”

ಅವಳು ನಂಬಿದಳು. ಅಲ್ಲಿಗೆ ‘ಮಿತ್ರ’ ನಮ್ಮ ಪ್ರಾಜೆಕ್ಟ್ ಆಗಿದ್ದುದು ಹೋಗಿ ದೊಡ್ಡಮ್ಮನ ಬಂಡಿಯಾಯಿತು.

ಮೆಕ್ಯಾನಿಕಲ್ ಕೆಲಸದ ಕಷ್ಟ ಏನೆಂದು ಹೇಳುತ್ತೇನೆ ಕೇಳಿ. ರೋಬೋ ಓಡಿದರೆ ಕೋಡು ಓಡಿಸಿತು ಎನ್ನುತ್ತಾರೆ. ನಿಂತರೆ ಮೆಕ್ಯಾನಿಕಲ್ ಕೈಕೊಟ್ಟಿತು ಎನ್ನುತ್ತಾರೆ. ಲೈಟು ಮಿಣಮಿಣ ಎನ್ನುವುದು ಎಲ್ಲರಿಗೂ ಕಾಣುತ್ತದೆ, ಅದನ್ನು ಹೊತ್ತಿರುವ ಕಬ್ಬಿಣ ಯಾರಿಗೂ ಕಾಣುವುದಿಲ್ಲ. ನಾನು ಇಷ್ಟು ತೂಕಕ್ಕೆ ಎಂದು ಲೆಕ್ಕ ಹಾಕಿ ಫ್ರೇಮ್ ಮಾಡಿದರೆ ಸೋಮವಾರ ನವೀನ ಬಂದು “ಇನ್ನೊಂದು ಚಿಕ್ಕ ಬೋರ್ಡು, ಅಷ್ಟೇ” ಎನ್ನುತ್ತಿದ್ದ. ಬುಧವಾರ ಅಫ್ರೀನ್ ಬಂದು “ಒಂದು ತೂತು ಬೇಕಿತ್ತು ಕಣೇ, ವೈರ್ ಹೋಗಕ್ಕೆ” ಎನ್ನುತ್ತಿದ್ದಳು. ತೂತು ಕೊರೆದಾದ ಮೇಲೆ, ಅದು ಅಲ್ಲಲ್ಲ, ಈ ಕಡೆ. ನನ್ನ ಫ್ರೇಮು ದೋಸೆಕಲ್ಲಿನಂತಿದ್ದದ್ದು ಜಾಲರಿಯಾಯಿತು. ಏನು ಕೇಳಿದರೂ ನವೀನನ ಬಳಿ ಒಂದೇ ಉತ್ತರ ಸಿದ್ಧವಿತ್ತು.

“ಚಕ್ರ ಎಡಕ್ಕೆ ಎಳೀತಿದೆ ಕಣೋ.”

“ಕೋಡಲ್ಲಿ ನೋಡ್ಕೋತೀನಿ ಬಿಡು.”

“ಬ್ರೇಕ್ ಹಾಕಿದ್ರೆ ಮುಗ್ಗರಿಸ್ತಿದೆ.”

“ಕೋಡಲ್ಲಿ ನೋಡ್ಕೋತೀನಿ ಬಿಡು.”

ಒಂದು ದಿನ ವರ್ಕ್‌ಶಾಪಿನ ಕಿಟಕಿಯಿಂದ ನಂದಿಬೆಟ್ಟದ ಮೇಲೆ ಮೋಡ ಕೂತಿದ್ದು ನೋಡುತ್ತಾ, ಇವನ ತಲೆಯ ಮೇಲೆ ಈ ಬೆಟ್ಟ ಬಿದ್ದರೂ ಕೋಡಲ್ಲಿ ನೋಡಿಕೊಳ್ಳುತ್ತಾನೇನೋ ಎಂದುಕೊಂಡೆ.

ಆದರೆ ಅವರನ್ನೇ ಬೈದರೆ ಪಾಪ ಬರುತ್ತದೆ. ದೊಡ್ಡ ದೊಡ್ಡ ತಪ್ಪುಗಳೆಲ್ಲ ನನ್ನವೇ. ಒಂದನೆಯದು ಆ ಸ್ಕ್ರೂ. ಮೋಟರಿನ ದಂಡವನ್ನು ಚಕ್ರದ ದಂಡಕ್ಕೆ ಸೇರಿಸಿ ಹಿಡಿಯುವ ಪುಟ್ಟ ಸ್ಕ್ರೂ ಅದು. ಎಡಗಡೆಗೊಂದು, ಬಲಗಡೆಗೊಂದು. ಎಡಗಡೆಯದು ಆರಾಮವಾಗಿ ಕೈಗೆ ಸಿಗುತ್ತಿತ್ತು. ಬಲಗಡೆ ಮಾತ್ರ ಬ್ಯಾಟರಿ ಇಡಲು ಜಾಗ ಸಾಲದೆ, ಡಬ್ಬವನ್ನು ಸ್ಕ್ರೂ ಪಕ್ಕಕ್ಕೇ ಸರಿಸಿ, ಎಂಟು ಬೋಲ್ಟು ಯಾರು ಹಾಕುತ್ತಾರೆಂದು ವೆಲ್ಡಿಂಗ್ ಮಾಡಿಸಿಬಿಟ್ಟೆ. ಕಂಪ್ಯೂಟರಿನ ಚಿತ್ರದಲ್ಲಿ ಎಲ್ಲಾ ಅಂದವಾಗಿ ಕೂತಿತ್ತು. ಆ ಚಿತ್ರದಲ್ಲಿ ಮನುಷ್ಯರ ಕೈ ಇರುವುದಿಲ್ಲ ನೋಡಿ. ಅಪ್ಪ ಒಂದು ಸಲ ಕಾಲೇಜಿಗೆ ಬಂದವನು ಬಂಡಿಯ ಸುತ್ತ ಎರಡು ಸುತ್ತು ಹಾಕಿ, ಬಲಗಡೆ ಕೂತು, ಡಬ್ಬದ ಸಂದಿಗೆ ಕಿರುಬೆರಳು ತೂರಿಸಿದ. ಹೋಗಲಿಲ್ಲ.

“ಕೈ ಎಲ್ಲಮ್ಮ ಹೋಗುತ್ತೆ?”

“ಅಪ್ಪ, ಅದನ್ನ ಬಿಚ್ಚೋ ಪ್ರಮೇಯಾನೇ ಬರಲ್ಲ.”

ಅವನು ಎದ್ದು ಪಂಚೆ ಕೊಡವಿಕೊಂಡ. ಆಗಲೇ ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ತಪ್ಪು ಅಳತೆಯದು. ಹುಳುವಿಗೆ ತೊಂದರೆ ಕೊಡಬಾರದೆಂದು ಬಹಳ ಜಾಣತನದಿಂದ, ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಹುಳುಮನೆ ಖಾಲಿಯಿದ್ದಾಗ ಹೋಗಿ ಅಳೆದುಕೊಂಡು ಬಂದೆವು. ತೊಳೆದು ಒಣಗಿಸಿದ ಸಿಮೆಂಟ್ ನೆಲ ಕನ್ನಡಿಯ ಹಾಗಿತ್ತು. ಎರಡು ಸಾಲು ಸ್ಟ್ಯಾಂಡುಗಳ ನಡುವೆ ದಾರಿ, ಆ ತುದಿಯಲ್ಲಿ ಗೋಡೆ. ನವೀನ ನೆಲಕ್ಕೆ ಉದ್ದಕ್ಕೂ ಕಪ್ಪು ಟೇಪು ಅಂಟಿಸಿದ. ಬಂಡಿ ಆ ಕಪ್ಪು ಗೆರೆ ನೋಡಿಕೊಂಡು ಹೋಗುತ್ತದೆ ಎಂಬುದು ಅವನ ಕೋಡು. ಕಾಲೇಜಿನ ಕಾರಿಡಾರಿನಲ್ಲಿ ಅದು ಎಷ್ಟು ಚೆನ್ನಾಗಿ ಓಡಿತೆಂದರೆ ಸಿವಿಲ್ ವಿಭಾಗದವರೆಲ್ಲ ಬಂದು ಸೆಲ್ಫಿ ತೆಗೆಸಿಕೊಂಡರು. ನಾನು ದೊಡ್ಡಮ್ಮನಿಗೆ ಫೋನು ಮಾಡಿ ಬಂಡಿ ಸಿದ್ಧ ಎಂದೆ.

“ಹಂಗಾದ್ರೆ ಪೂರ್ತಿ ಚಾಕಿ ಹಾಕಿಸ್ಕೋತೀನಿ” ಎಂದಳು. ಚಾಕಿ ಎಂದರೆ ಮರಿಹುಳು. ನಿಲ್ಲಿಸಿಬಿಡುತ್ತೇನೆ ಎಂದವಳು ಮನೆ ತುಂಬ ಹುಳು ತಂದು ಹಾಕಿಕೊಂಡಳು, ನನ್ನ ಒಂದು ಮಾತಿನ ಮೇಲೆ.

ನಾಲ್ಕನೇ ಜ್ವರ ಎದ್ದ ಮೂರನೇ ದಿನ ಬೆಳಿಗ್ಗೆ, ಮಾರ್ಕೆಟ್ಟಿಗೆ ಗೂಡು ಹಾಕಿ ವಾಪಸ್ ಹೋಗುತ್ತಿದ್ದ ಒಂದು ಗೂಡ್ಸ್ ಆಟೋದಲ್ಲಿ ‘ಮಿತ್ರ’ನನ್ನು ಏರಿಸಿಕೊಂಡು ಸಾದಲಿಗೆ ಹೋದೆವು. ನವೀನ ಬಂಡಿಗೆ ಅರಿಶಿನ ಕುಂಕುಮ ಇಟ್ಟ. ಅವನು ಅಂಗಳದಲ್ಲಿ ಹಾಸಿದ ಟೇಪು ಹಿಡಿದು ಹುಳುಮನೆಯ ಬಾಗಿಲಿನವರೆಗೂ ಬಂಡಿ ತಾನೇ ಉರುಳಿಕೊಂಡು ಬಂತು. ಬಾಗಿಲಲ್ಲಿ ದೊಡ್ಡಮ್ಮ ಅಡ್ಡ ನಿಂತಳು.

“ಕಾಲು ತೊಳ್ದು ಬರ್ಲಿ.”

ನಾವು ಮೂವರೂ ಚಪ್ಪಲಿ ಬಿಟ್ಟು ಬಾಗಿಲ ಬಳಿಯ ಬ್ಲೀಚಿಂಗ್ ಪುಡಿ ನೀರಿನ ತೊಟ್ಟಿಯೊಳಗೆ ಕಾಲಿಟ್ಟು ದಾಟಿದೆವು.

“ನೀವಲ್ಲ. ಅದು.”

ಅವಳು ಹಾಗೆ ಹೇಳಿದಾಗ ನನಗೆ ಹೇಗಾಯಿತು ಗೊತ್ತೇ? ಆ ತೊಟ್ಟಿ ನಾನು ಹುಟ್ಟುವ ಮುಂಚಿನಿಂದ ಅಲ್ಲಿದೆ. ಹೊರಗಿನ ರೋಗ ಹುಳುವಿಗೆ ತಗಲಬಾರದೆಂದು ಆ ನೀರಿನಲ್ಲಿ ಕಾಲದ್ದದೆ ಯಾರೂ ಒಳಗೆ ಹೋಗುವಂತಿಲ್ಲ. ಚಿಕ್ಕಂದಿನಲ್ಲಿ ಸೀಬೆಕಾಯಿ ತಿನ್ನುತ್ತಾ ಹಾಗೇ ಓಡಿ ಒಳಗೆ ಹೋಗಿದ್ದಕ್ಕೆ ಅವಳಿಂದ ಬೆನ್ನಿಗೆ ಗುದ್ದಿಸಿಕೊಂಡಿದ್ದೇನೆ. ಮಲ್ಲಿಗೆ ಮುಡಿದು ಹೋದರೂ ಬೈಗುಳ, ಹುಳುವಿಗೆ ವಾಸನೆ ಆಗದು. ಒಂದು ಸಲ ಸೆಂಟು ಹಾಕಿಕೊಂಡು ಬಂದ ದೊಡ್ಡಪ್ಪನ ತಮ್ಮನನ್ನು ಹೊಂಗೆ ಮರದ ಕೆಳಗೆ ಕೂರಿಸಿ ಅಲ್ಲಿಗೇ ಊಟ ಕೊಟ್ಟಿದ್ದಳು. ಇಷ್ಟೆಲ್ಲ ಗೊತ್ತಿದ್ದ ನಾನು, ಆರು ತಿಂಗಳು ಕೂತು ಚಿತ್ರ ಬರೆದ ನಾನು, ಬಂಡಿಗೂ ಕಾಲಿದೆ ಎನ್ನುವುದನ್ನು ಮರೆತಿದ್ದೆ. ತೊಟ್ಟಿಯ ನೀರು ನಾಲ್ಕು ಬೆರಳು. ನನ್ನ ಮೋಟರು ನೆಲದಿಂದ ಮೂರು ಬೆರಳು ಎತ್ತರ.

“ಆಂಟಿ, ಮೋಟರ್ ನೆನೆದ್ರೆ ಅಯಿಪೋಯಿಂದಿ, ಕಥೆ ಮುಗೀತು” ಎಂದ ನವೀನ. ಕೆಲಸ ಕೆಟ್ಟಾಗ ಅವನಿಗೂ ತೆಲುಗೇ.

ಕೊನೆಗೆ ದೊಡ್ಡಮ್ಮನೇ ಬಟ್ಟೆ ತಂದು, ಆ ನೀರಿನಲ್ಲಿ ಅದ್ದಿ, ಮಂಡಿ ನೋವಿನಲ್ಲೇ ಕುಕ್ಕರಗಾಲಲ್ಲಿ ಕೂತು, ಕರುವಿನ ಕಾಲು ತೊಳೆಯುವಂತೆ ನಾಲ್ಕು ಚಕ್ರವನ್ನೂ ಉಜ್ಜಿದಳು. ಯಾರ ಮಂಡಿಯ ನೋವು ತಪ್ಪಿಸಲು ಬಂಡಿ ಮಾಡಿದ್ದೆನೋ ಆ ಮಂಡಿಯೇ ಬಂಡಿಯ ಮುಂದೆ ಮಡಿಸಿ ಕೂತಿತ್ತು. ನನಗೆ ನೆಲ ಬಿರಿಯಬಾರದೇ ಎನಿಸಿತು.

ಬಂಡಿಯನ್ನು ಎತ್ತಿ ತೊಟ್ಟಿ ದಾಟಿಸಿ ಒಳಗೆ ಕಾಲಿಟ್ಟರೆ ಅದು ನಾವು ಅಳೆದ ಮನೆಯೇ ಅಲ್ಲ. ಸ್ಟ್ಯಾಂಡಿನಲ್ಲಿ ಹರಡಿದ್ದ ಹಿಪ್ಪುನೇರಳೆ ಕಡ್ಡಿಗಳು ಎರಡೂ ಕಡೆಯಿಂದ ಅರ್ಧರ್ಧ ಅಡಿ ದಾರಿಗೆ ಚಾಚಿಕೊಂಡಿದ್ದವು. ಹುಳುವಿನ ಮೇಲೆ ಉದುರಿಸಿದ ಸುಣ್ಣದ ಪುಡಿ ನೆಲಕ್ಕೆಲ್ಲ ಬಿದ್ದು ಬೆಳ್ಳಗೆ ಕೂತಿತ್ತು. ಕಪ್ಪು ಗೆರೆ ಎಲ್ಲಿ? ಹುಡುಕಿದರೆ ಅಲ್ಲೊಂದು ತುಂಡು, ಇಲ್ಲೊಂದು ತುಂಡು.

ನವೀನನ ಮುಖ ನೋಡಿದೆ. ಅವನು ಕೋಡಲ್ಲಿ ನೋಡ್ಕೋತೀನಿ ಎನ್ನಲಿಲ್ಲ. ಪೊರಕೆ ಕೇಳಿದ.

ಗೆರೆಯ ಮೇಲಿನ ಸುಣ್ಣ ಗುಡಿಸಿ, ಹೊರೆ ಸೊಪ್ಪು ಏರಿಸಿ, ಸ್ವಿಚ್ಚು ಹಾಕಿದೆವು. ಬಂಡಿ ಹೊರಟಿತು. ಒಂದು ಸ್ಟ್ಯಾಂಡು ದಾಟಿತು, ಎರಡು ದಾಟಿತು. ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮೂರನೇ ಸ್ಟ್ಯಾಂಡಿನ ಹತ್ತಿರ ಚಾಚಿದ್ದ ಕಡ್ಡಿಗಳಿಗೆ ಬಂಡಿಯ ಮೈ ತಾಗಿ ಹೊಸ ಸುಣ್ಣ ಉದುರಿ ಗೆರೆ ಮುಚ್ಚಿಹೋಯಿತು. ಬಂಡಿ ಒಂದು ಕ್ಷಣ ಯೋಚಿಸಿತು. ಆಮೇಲೆ ಬಲಕ್ಕೆ ತಿರುಗಿ, ಒಂದು ಮೂಲೆಯನ್ನು ಈ ಸ್ಟ್ಯಾಂಡಿನ ಕಾಲಿಗೂ ಇನ್ನೊಂದು ಮೂಲೆಯನ್ನು ಆ ಸ್ಟ್ಯಾಂಡಿನ ಕಾಲಿಗೂ ಒತ್ತಿಕೊಂಡು, ಕೋಣ ಮಲಗಿದ ಹಾಗೆ ದಾರಿಗೆ ಅಡ್ಡ ನಿಂತುಬಿಟ್ಟಿತು.

ತಳ್ಳಿದೆವು. ಅಲ್ಲಾಡಲಿಲ್ಲ. ಅದು ಗೇರ್ ಮೋಟರು, ಕರೆಂಟಿಲ್ಲದಾಗ ಚಕ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕರೆಂಟು ಕೊಟ್ಟರೆ ಮುಂದಕ್ಕೇ ನುಗ್ಗಿ ಸ್ಟ್ಯಾಂಡು ಅಲ್ಲಾಡಿಸುತ್ತಿತ್ತು. ಎತ್ತೋಣವೆಂದರೆ ದೊಡ್ಡಪ್ಪ ಬಾಗಿಲಿಂದಲೇ ತಡೆದ. “ಸ್ಟ್ಯಾಂಡು ಮುಟ್ಬೇಡ್ರಪ್ಪ, ಹುಳ ಉದುರ್ತವೆ.” ಬಂಡಿ ಹತ್ತಿ ದಾಟಿದರೂ ಸ್ಟ್ಯಾಂಡು ಅಲ್ಲಾಡುವಂತಿತ್ತು. ಬಂಡಿಯ ಆಚೆಗಿದ್ದ ಐದಾರು ಸ್ಟ್ಯಾಂಡುಗಳಲ್ಲಿ ಹಿಂದಿನ ಸಲದ ಸೊಪ್ಪು ಮುಗಿದು ಬರೀ ಕಡ್ಡಿ ಉಳಿದಿತ್ತು. ಹುಳುಮನೆಯಲ್ಲಿ ಯಾವಾಗಲೂ ಇರುವ ಸರಸರ ಸದ್ದು ಇನ್ನೂ ಸೊಪ್ಪಿದ್ದ ಈಚೆ ಕಡೆ ಕೇಳುತ್ತಿತ್ತು, ಆಚೆ ಕಡೆ ನಿಂತುಹೋಗಿತ್ತು. ಹುಳುಗಳು ತಲೆಯೆತ್ತಿ ಆಡಿಸುತ್ತಾ ಹುಡುಕುತ್ತಿದ್ದವು.

“ಹೊತ್ತಾಯ್ತು ಕಣಮ್ಮ” ಎಂದಳು ದೊಡ್ಡಮ್ಮ. ಬೈಯಲಿಲ್ಲ. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಉಳಿದಿದ್ದು ಒಂದೇ ದಾರಿ. ಮೋಟರಿನಿಂದ ಚಕ್ರ ಬಿಡಿಸಿದರೆ ಬಂಡಿ ಉರುಳುತ್ತದೆ. ಸುಣ್ಣದ ಮೇಲೆ ಬೆನ್ನು ಕೊಟ್ಟು ಮಲಗಿ ಅಡಿಗೆ ನುಸುಳಿದೆ. ಎಡಗಡೆಯದು ನಿಮಿಷದಲ್ಲಿ ಬಿಚ್ಚಿತು. ಬಲಗಡೆ ಕೀ ಹಿಡಿದು ಹೋದರೆ ಡಬ್ಬಕ್ಕೂ ಸ್ಕ್ರೂಗೂ ನಡುವೆ ಕೀಯ ಗಿಡ್ಡ ತುದಿ ಕೂಡ ತೂರುವುದಿಲ್ಲ. ಬಿಚ್ಚೋ ಪ್ರಮೇಯಾನೇ ಬರಲ್ಲ ಎಂದ ಮಹಾತಾಯಿ ಅಲ್ಲಿ ಮಲಗಿದ್ದಳು. ಅಫ್ರೀನ್ ಮೊಬೈಲ್ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದವಳು ಮೆಲ್ಲಗೆ ಹೇಳಿದಳು, “ಕೀನೇ ಗಿಡ್ಡ ಮಾಡಿದ್ರೆ?”

ದೊಡ್ಡಪ್ಪನ ಹ್ಯಾಕ್ಸಾ ಬ್ಲೇಡಿಗೆ ಆ ಉಕ್ಕು ಜಗ್ಗಲಿಲ್ಲ, ಬ್ಲೇಡಿನ ಹಲ್ಲೇ ಹೋಯಿತು. ಅವನ ಗಾಡಿಯ ಹಿಂದೆ ಕೂತು ರಸ್ತೆಬದಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ತಲೆಯಿಂದ ಕಾಲಿನವರೆಗೆ ಸುಣ್ಣ ಮೆತ್ತಿಕೊಂಡವಳನ್ನು ನೋಡಿ ಅಂಗಡಿಯವನು ಏನೂ ಕೇಳದೆ ಗ್ರೈಂಡರ್ ಹಾಕಿದ. ಸಾಕಾ ಎಂದ, ಇನ್ನೂ ಸ್ವಲ್ಪ ಎಂದೆ. ಸಾಕಾ ಎಂದ, ಇನ್ನೂ ಎಂದೆ. ಕೊನೆಗೆ ಅಕ್ಕಿಕಾಳಿನಷ್ಟು ಉಳಿಯಿತು. ವಾಪಸ್ ಬಂದು ಕಾಲು ತೊಳೆದು, ಮತ್ತೆ ಬಂಡಿಯ ಅಡಿಗೆ ನುಸುಳಿ, ಒಂದು ಸಲಕ್ಕೆ ಎಳ್ಳಷ್ಟು, ಇನ್ನೊಂದು ಸಲಕ್ಕೆ ಎಳ್ಳಷ್ಟು ತಿರುಗಿಸುತ್ತಾ ಆ ಸ್ಕ್ರೂ ಸಡಿಲಿಸಿದೆ. ಅಪ್ಪ ಬೈಯುತ್ತಿದ್ದ ತೆಲುಗು ಬೈಗುಳಗಳೆಲ್ಲ ಒಂದೊಂದಾಗಿ ನೆನಪಾದವು. ಈ ಸಲ ಬೈಸಿಕೊಳ್ಳುತ್ತಿದ್ದವಳು ಯಂತ್ರ ಮಾಡಿದ ನಾನೇ.

ಸ್ಕ್ರೂ ಸಡಿಲವಾದದ್ದೇ ಬಂಡಿ ಹಗುರವಾಯಿತು. ದೊಡ್ಡಮ್ಮ ಬಂದು ಎರಡು ಬೆರಳಲ್ಲಿ ಮೂಲೆ ಮುಟ್ಟಿ ನೆಟ್ಟಗೆ ಮಾಡಿ ತಳ್ಳಿದಳು. ಹೊರೆ ಸೊಪ್ಪಿನ ಸಮೇತ ಅದು ಸುಮ್ಮನೆ ಹೊರಟಿತು. ಒಂದೊಂದು ಸ್ಟ್ಯಾಂಡಿನ ಮುಂದೆ ನಿಲ್ಲಿಸಿ ಸೊಪ್ಪು ಹರಡುತ್ತಾ ಗೋಡೆಯವರೆಗೂ ಹೋದಳು. ಆಚೆ ಕಡೆಯ ಸದ್ದು ಮತ್ತೆ ಶುರುವಾಯಿತು. ವಾಪಸ್ ಬಂದವಳ ಮುಖ ಅರಳಿತ್ತು.

“ಎಷ್ಟು ಚೆನ್ನಾಗಿದೆ. ಇದನ್ನೇ ಮೊದ್ಲೇ ಮಾಡೋದಲ್ವೇನಮ್ಮ, ಆ ವೈರು ಪೈರು ಎಲ್ಲಾ ಯಾಕೆ?”

ನವೀನ ಆ ಮಾತು ಕೇಳಿ ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತ. ಆರು ತಿಂಗಳ ಅವನ ಕೋಡು ಎರಡು ಬೆರಳಿಗೆ ಸೋತಿತ್ತು. ಹೋಗಿ ಸಮಾಧಾನ ಮಾಡಬೇಕಿತ್ತು. ನಾನೋ, ನನ್ನ ಚಕ್ರ ಉರುಳಿತೆಂಬ ಖುಷಿಯಲ್ಲಿ “ನೋಡು, ಕೋಡೇ ಬೇಕಾಗಿಲ್ಲ” ಎಂದುಬಿಟ್ಟೆ. ಆರು ತಿಂಗಳು ಕೂಡಿಟ್ಟ ಸಿಟ್ಟು, ಒಂದೇ ಮಾತಿನಲ್ಲಿ ಹೊರಬಂತು. ಅವನು ಸಾಯಂಕಾಲ ಎರಡೂ ಮೋಟರುಗಳನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಚಿಂತಾಮಣಿ ಬಸ್ಸು ಹತ್ತಿದ. ನಾನು ದೊಡ್ಡಮ್ಮನ ಬಂಡಿಗೆ ಒಂದು ಹಿಡಿ ಹಾಕಿಸಿಕೊಟ್ಟೆ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರಿಗೆ ಆ ದಿನದ ವಿಡಿಯೋ ತೋರಿಸಿದೆವು. ಎಷ್ಟು ಕತ್ತರಿಸಿದರೂ ದೊಡ್ಡಮ್ಮನ ಬಳೆಗೈ ಒಂದು ಕಡೆ ಉಳಿದುಬಿಟ್ಟಿತ್ತು.

“ತಾನಾಗಿ ಚಲಿಸುವ ಯಂತ್ರ ಅಂತ ಬರ್ದಿದೀರಿ. ಆ ಕೈ ಯಾರದಮ್ಮ?”

ನಾನು ನವೀನನನ್ನು ನೋಡಿದೆ, ನವೀನ ಗೋಡೆ ನೋಡಿದ. ಅಫ್ರೀನ್ ಗಂಭೀರವಾಗಿ ಹೇಳಿದಳು, “ಸರ್, ಅದು ಯೂಸರ್ ಇಂಟರ್‌ಫೇಸ್.” ಆ ಪುಣ್ಯಾತ್ಮ ನಕ್ಕು ಪಾಸು ಮಾಡಿದರು. ಅಫ್ರೀನ್ ಈಗ ಕಾಲೇಜೊಂದರಲ್ಲಿ ತಾನೇ ಮೇಡಂ ಆಗಿ ಬೇರೆ ಮಕ್ಕಳ ವಿಡಿಯೋದಲ್ಲಿ ಕೈ ಹುಡುಕುತ್ತಾಳಂತೆ. ನವೀನ ಚಿಂತಾಮಣಿಯಲ್ಲಿ ತೋಟದ ಪಂಪುಗಳಿಗೆ ತಾನೇ ಆನ್ ಆಫ್ ಆಗುವ ಪೆಟ್ಟಿಗೆ ಮಾಡಿಕೊಡುತ್ತಾನೆ. ನಾನು ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಇನ್ನೊಬ್ಬರ ಸ್ಕ್ರೂ ಎಲ್ಲಿದೆ ಎಂದು ನೋಡುತ್ತೇನೆ. ನವೀನನ ಜೊತೆ ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ಮಾತಿಲ್ಲ.

ಕೀ ಹಿಡಿದುಕೊಂಡು ಸಾದಲಿಗೆ ಹೋದಾಗ ಹುಳು ದೊಡ್ಡದಾಗಿತ್ತು. ತೊಟ್ಟಿಯಲ್ಲಿ ಕಾಲದ್ದಿ ಒಳಗೆ ಹೋಗಿ, ಸ್ಕ್ರೂ ಏನಾದರೂ ಸಿಕ್ಕಿಹಾಕಿಕೊಂಡಿದೆಯೇ ಎಂದು ಬಂಡಿಯ ಅಡಿ ನೋಡಿದೆ. ಏನೂ ಆಗಿರಲಿಲ್ಲ. ಹಿಡಿ ಮಾತ್ರ ಕೈಯುಜ್ಜಿ ನುಣ್ಣಗಾಗಿತ್ತು.

“ಬಂಡಿ ಸರಿಯಾಗೇ ಇದ್ಯಲ್ಲ ದೊಡ್ಡಮ್ಮ. ಇಷ್ಟಕ್ಕೆ ಎರಡು ಬಸ್ ಬದ್ಲಾಯಿಸ್ಕೊಂಡು ಬಂದ್ನಾ?”

ಅವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿದ್ದಳು. ಹುಳುಮನೆಯಲ್ಲಿ ಕುರ್ಚಿ ನಾನು ನೋಡಿದ್ದು ಅದೇ ಮೊದಲು.

“ಬಂಡಿ ಸರಿಯಾಗಿದೆ ಕಣಮ್ಮ. ನಾನೇ ಸರಿಯಾಗಿಲ್ಲ. ಆ ತುದಿವರ್ಗೂ ನಡೆಯಕ್ಕೆ ಆಗ್ತಿಲ್ಲ.” ಮಂಡಿ ಸವರಿಕೊಂಡಳು. “ಅದು ತಾನೇ ಹೋಗ್ತದೆ ಅಂದಿದ್ಯಲ್ಲ ಅವತ್ತು. ನಾನು ಬೇಡ ಅಂದ್ನಲ್ಲ. ಈಗ ಆಗುತ್ತಾ?”

ನನಗೆ ಮೊದಲು ಬಂದದ್ದು ಸಿಟ್ಟೇ. ಅಷ್ಟು ವರ್ಷದ ಹಿಂದೆ ವೈರು ಪೈರು ಎಂದವಳು ಇವಳೇ ಅಲ್ಲವೇ. ಆಮೇಲೆ ಅವಳ ಮಂಡಿ ನೋಡಿದೆ, ಇಷ್ಟು ದಪ್ಪ ಊದಿತ್ತು. ಹೊಂಗೆ ಮರದ ಕೆಳಗೆ ಹೋಗಿ ನವೀನನಿಗೆ ಫೋನು ಮಾಡಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ, “ಆ ಮೋಟರ್ ಎರಡೂ ಏನ್ ಮಾಡ್ದೆ?” ಎಂದೆ.

“ಇದಾವೆ. ಯಾಕೆ?”

ಹೇಳಿದೆ.

“ಗೆರೆ ಬೇಡ ಕಣೇ. ಸ್ಟ್ಯಾಂಡಿನ ಕಾಲು ನೋಡ್ಕೊಂಡು ಹೋಗೋ ಹಂಗೆ ಬರ್ದಿಟ್ಟಿದೀನಿ. ಸುಣ್ಣ ಬಿದ್ರೂ ಏನಾಗಲ್ಲ.”

“ಯಾವಾಗ ಬರ್ದೆ?”

“ಅವತ್ತು ಊರಿಗೆ ಹೋದ್ನಲ್ಲ, ಆ ವಾರಾನೇ. ನೀನು ಕೇಳ್ಲೇ ಇಲ್ಲ.”

ಅವತ್ತು ಹಂಗೆ ಅನ್ನಬಾರದಿತ್ತು ಕಣೋ ಎಂದೆ. ಅವನು ಅದನ್ನು ಕೇಳಿಸಿಕೊಳ್ಳದವನಂತೆ, ಮೋಟರು ಈ ಸಲ ಎಷ್ಟು ಎತ್ತರ ಕೂರಿಸುತ್ತೀಯ ಎಂದು ಕೇಳಿದ. ಅಳೆದು ಹೇಳುತ್ತೇನೆ ಎಂದೆ.

ಬ್ಯಾಗಿನಿಂದ ಅಳತೆ ಟೇಪು ತೆಗೆದುಕೊಂಡು ಬಂದೆ. ಬಾಗಿಲ ತೊಟ್ಟಿಯ ನೀರಿನ ಆಳ ಮೊದಲು ಅಳೆದು ಅಂಗೈ ಮೇಲೆ ಬರೆದುಕೊಂಡೆ. ಬ್ಯಾಟರಿ ಡಬ್ಬ ಕಿತ್ತು ಆಚೆ ಹಾಕಬೇಕು, ಕೈ ಹೋಗುವಷ್ಟು ಜಾಗ ಬಿಡಬೇಕು. ನನ್ನ ಕೈಯಲ್ಲ, ಅಪ್ಪನ ಕೈ. ಅಲ್ಲಿಯವರೆಗೂ ಆ ಗಿಡ್ಡ ಕೀ ವಾಪಸ್ ಡ್ರಾಯರಿಗೇ ಹೋಗಲಿ. ಇನ್ನು ಚಾಚಿಕೊಂಡ ಕಡ್ಡಿಗಳ ನಡುವೆ ದಾರಿ ಎಷ್ಟು ಅಗಲ ಉಳಿದಿದೆ ನೋಡೋಣ, ಹುಳುವಿರುವಾಗಲೇ ನೋಡೋಣ ಎಂದು, ಕಾಲನ್ನು ತೊಟ್ಟಿಯಲ್ಲಿ ಚೆನ್ನಾಗಿ ಅದ್ದಿ, ಟೇಪು ಹಿಡಿದು ಒಳಗೆ ಹೆಜ್ಜೆಯಿಟ್ಟೆ.

ಕುರ್ಚಿಯಲ್ಲಿದ್ದ ದೊಡ್ಡಮ್ಮ ತನ್ನ ಕೋಲನ್ನು ನನಗೆ ಅಡ್ಡ ಹಿಡಿದಳು.

“ಆ ಟೇಪು ಎಲ್ಲೆಲ್ಲಿ ಇಟ್ಟಿದ್ಯೋ ಏನೋ. ಅದನ್ನೂ ಅದ್ಕೊಂಡು ಬಾ.”